‘ನಮ್ಮಲ್ಲಿ ಯಾರೂ ಸಿಗಲಿಲ್ವಾ?’: ಒಂದು ವೀಸಾ ಪತ್ರ ಬರೆದ ಕಥೆ

ಸಂಬಳದ ಪಟ್ಟಿ, ಕ್ಯಾಂಟೀನ್ ಸಾರಿನ ಜಗಳ, ಬಂಗಾರಪೇಟೆ ರೂಟಿನ ಬಸ್ಸು ಯಾಕೆ ದಿನಾ ತಡ ಅನ್ನೋ ಪಂಚಾಯ್ತಿ. 2018ರವರೆಗೆ ನನ್ನ ಎಚ್‌ಆರ್ ಕೆಲಸ ಅಂದರೆ ಇಷ್ಟೇ ಇತ್ತು. ನಮ್ಮದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಟೂ ವೀಲರ್ ಎಂಜಿನ್ನಿನ ಅಲ್ಯೂಮಿನಿಯಂ ಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆ. 2013ರಲ್ಲಿ ಹೋಂಡಾದವರ ಸ್ಕೂಟರ್ ಕಾರ್ಖಾನೆ ಇಲ್ಲಿ ಶುರುವಾದ ಆಚೀಚೆ ಬಿಡಿಭಾಗದವರು ಒಬ್ಬೊಬ್ಬರಾಗಿ ಬಂದು ನೆಲೆಯೂರಿದರಲ್ಲ, ಆ ಸಾಲಿನಲ್ಲಿ ನಾವೂ ಒಬ್ಬರು ಅಂದುಕೊಳ್ಳಿ. 2018ರ ಯುಗಾದಿಯ ಹೊತ್ತಿಗೆ ಪ್ಲಾಂಟ್ ಹೆಡ್ ಕರೆದು, "ಜಪಾನಿಂದ ಒಬ್ಬರು ಎಕ್ಸ್‌ಪರ್ಟ್ ಬರ್ತಾರೆ. ಎರಡು ವರ್ಷ ಇರ್ತಾರೆ. ವೀಸಾಗೆ ಏನೇನು ಬೇಕೋ ನೋಡಮ್ಮ" ಅಂದರು.

ವೀಸಾ ಅಂದರೆ ಬರುವವರ ತಲೆನೋವು, ನಮ್ಮದೇನಿದ್ದರೂ ಒಂದು ಆಹ್ವಾನ ಪತ್ರ ಅನ್ನೋದು ನನ್ನ ತಿಳಿವಳಿಕೆ. ಅದು ಎಷ್ಟು ತಪ್ಪು ಅಂತ ಪಟ್ಟಿ ನೋಡಿದಾಗ ಗೊತ್ತಾಯಿತು. ಎಂಪ್ಲಾಯ್‌ಮೆಂಟ್ ವೀಸಾ ಅರ್ಜಿಯನ್ನು ಅವರು ಅವರ ದೇಶದ ನಮ್ಮ ರಾಯಭಾರ ಕಚೇರಿಗೇ ಹಾಕಬೇಕು, ನಿಜ. ಆದರೆ ಅದರ ಜೊತೆ ಹೋಗುವ ಕಾಗದಗಳಲ್ಲಿ ಮುಕ್ಕಾಲು ಪಾಲು ನಮ್ಮವು. ಕಂಪನಿಯ ನೋಂದಣಿ, ಪ್ಯಾನ್, ಕೆಲಸದ ಕರಾರು, ಇವರ ನಡತೆಗೆ ನಾವೇ ಹೊಣೆ ಅನ್ನೋ ಮುಚ್ಚಳಿಕೆ, ವೀಸಾ ಮುಗಿದ ದಿನ ದೇಶ ಬಿಟ್ಟು ಹೋಗುವಂತೆ ನೋಡಿಕೊಳ್ಳೋದೂ ನಮ್ಮದೇ ಅನ್ನೋ ಇನ್ನೊಂದು ಮಾತು. ನಮ್ಮ ಕಡೆ ಸಾಲಕ್ಕೆ ಜಾಮೀನು ಹಾಕುವಾಗ ಹಿರಿಯರು ಹತ್ತು ಸಲ ಯೋಚನೆ ಮಾಡ್ತಾರೆ. ಇಲ್ಲಿ ನಾನು ಮುಖ ನೋಡದ ಮನುಷ್ಯನಿಗೆ ಕಂಪನಿ ಸೀಲು ಒತ್ತಿ ಜಾಮೀನು ನಿಂತಿದ್ದೆ.

ಇದೆಲ್ಲ ಆದರೂ ಆಗಲಿ, ಸಿಗುವ ಕಾಗದ. ಸಿಗದೆ ಇದ್ದದ್ದು ಒಂದೇ, ಜಸ್ಟಿಫಿಕೇಷನ್ ಲೆಟರ್. ಅರ್ಹರಾದ ಭಾರತೀಯರು ಬೇಕಾದಷ್ಟು ಸಿಗುವ ಕೆಲಸಕ್ಕೆ, ದಿನನಿತ್ಯದ ಮಾಮೂಲಿ ಕೆಲಸಕ್ಕೆ, ಗುಮಾಸ್ತಿಕೆಗೆ ಈ ವೀಸಾ ಕೊಡೋದಿಲ್ಲ. ಹಾಗಾದರೆ ಇವರು ಯಾಕೆ ಬೇಕು ಅಂತ ನಾವು ಬರೆದುಕೊಡಬೇಕು. ನಾನು ಮಾಡಿದ್ದು ಎಲ್ಲರೂ ಮಾಡೋದನ್ನೇ. ಗೂಗಲ್‌ನಲ್ಲಿ ಒಂದು ಮಾದರಿ ಪತ್ರ ಸಿಕ್ಕಿತು, ಹೆಸರು ಬದಲಾಯಿಸಿದೆ. ‘ಅಪಾರ ಅನುಭವವುಳ್ಳ’, ‘ವಿಶ್ವದರ್ಜೆಯ ಪರಿಣತಿ’, ‘ನಮ್ಮ ಸಂಸ್ಥೆಗೆ ಅಮೂಲ್ಯ ಆಸ್ತಿ’. ಹುದ್ದೆಯ ಜಾಗದಲ್ಲಿ ಟೆಕ್ನಿಕಲ್ ಅಡ್ವೈಸರ್ ಅಂತ ಹಾಕಿದೆ. ಕರಾರು ಪತ್ರ ಮಾಡಿದ್ದು ಫೈನಾನ್ಸಿನವರು. ಅವರು ಗ್ರೇಡಿಗೆ ಸರಿಹೊಂದಲಿ ಅಂತ ಜನರಲ್ ಮ್ಯಾನೇಜರ್ ಅಂತ ಹಾಕಿದ್ದರು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಹತ್ತು ದಿನಕ್ಕೆ ರಾಯಭಾರ ಕಚೇರಿಯಿಂದ ಪ್ರಶ್ನೆ ಬಂತು. ಇವರು ಸಲಹೆಗಾರರೋ ಮ್ಯಾನೇಜರೋ? ದಿನಾ ಏನು ಕೆಲಸ ಮಾಡುತ್ತಾರೆ? ಆ ಕೆಲಸಕ್ಕೆ ಭಾರತದಲ್ಲಿ ಯಾರೂ ಸಿಗಲಿಲ್ಲವೇ?

ಪ್ಲಾಂಟ್ ಹೆಡ್ ಬೈದರು ಅಂತ ಬರೆದರೆ ಅದು ಕಡಿಮೆಯಾದೀತು. ಬೈದು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು. "ಅವರು ಬಂದು ಏನು ಮಾಡ್ತಾರೆ ಅಂತ ನಿನಗೆ ಗೊತ್ತೇನಮ್ಮ?" ಗೊತ್ತಿರಲಿಲ್ಲ. ನಾಲ್ಕು ವರ್ಷ ಆ ಕಾರ್ಖಾನೆಯಲ್ಲಿ ಸಂಬಳ ತೆಗೆದುಕೊಂಡಿದ್ದೆ, ಎರಕ ಹೊಯ್ಯುವ ಜಾಗಕ್ಕೆ ಹೋದದ್ದು ಆಯುಧಪೂಜೆ ದಿನ ಕುಂಬಳಕಾಯಿ ಒಡೆಯುವಾಗ ಮಾತ್ರ.

ಮರುದಿನ ಸೇಫ್ಟಿ ಶೂ ಹಾಕಿಕೊಂಡು, ಎರಕದ ಅಚ್ಚುಗಳನ್ನು ನೋಡಿಕೊಳ್ಳುವ ಟೂಲ್ ರೂಮಿಗೆ ಹೋದೆ. ಅಲ್ಲಿಯ ಇನ್‌ಚಾರ್ಜನ್ನು ಇಡೀ ಫ್ಯಾಕ್ಟರಿ ಅಣ್ಣ ಅಂತಲೇ ಕರೆಯೋದು, ಡೈರೆಕ್ಟರೂ ಸೇರಿ. ಮಾಲೂರಿನ ಕಡೆಯವರು. ಕೂರಲು ಒಂದು ಮರದ ಪೆಟ್ಟಿಗೆ ತೋರಿಸಿ, ಮಷಿನಿಂಗ್ ಆಗಿ ವಾಪಸ್ ಬಂದಿದ್ದ ಒಂದು ಕ್ರ್ಯಾಂಕ್‌ಕೇಸ್ ಕವರ್ ಕೈಗೆ ಕೊಟ್ಟರು. "ಏನು ಕಾಣ್ತದೆ?" ಏನೂ ಕಾಣಲಿಲ್ಲ. ಬೆರಳಿನ ಉಗುರಿಟ್ಟು ತೋರಿಸಿದರು. ಸಾಸಿವೆ ಕಾಳಿನಷ್ಟು ಒಂದು ತೂತು. "ಬ್ಲೋ ಹೋಲ್. ಎರಕ ಹೊಯ್ದಾಗ ಇದು ಒಳಗೆ ಅವಿತುಕೊಂಡಿರ್ತದೆ. ಮೇಲಿನ ಚರ್ಮ ಕೆತ್ತಿದ ಮೇಲೇ ಆಚೆ ಬರೋದು. ಅಷ್ಟೊತ್ತಿಗೆ ನಮ್ಮ ಲೋಹ, ಕರೆಂಟು, ಮಷಿನ್ ಟೈಮು ಎಲ್ಲ ಸುರಿದಾಗಿರ್ತದೆ. ಆಮೇಲೆ ಲೀಕ್ ಟೆಸ್ಟಲ್ಲಿ ಫೇಲು."

ಎರಡು ದಿನ ಅಲ್ಲೇ ಕೂತೆ. ಕರಗಿದ ಅಲ್ಯೂಮಿನಿಯಂ ಕಣ್ಣು ಮಿಟುಕಿಸುವುದರೊಳಗೆ ಅಚ್ಚಿನೊಳಗೆ ನುಗ್ಗುತ್ತದೆ. ಆ ಹೊಡೆತಕ್ಕೆ ಒಳಗಿದ್ದ ಗಾಳಿ ಹೊರಗೆ ಹೋಗಲು ದಾರಿ ಬೇಕು. ದಾರಿ ಸಾಲದಿದ್ದರೆ ಲೋಹದೊಳಗೇ ಸಿಕ್ಕಿಕೊಳ್ಳುತ್ತದೆ. ಅಚ್ಚಿನ ಒಂದು ಮೂಲೆ ಬಿಸಿ, ಇನ್ನೊಂದು ಮೂಲೆ ತಣ್ಣಗಿದ್ದರೂ ಇದೇ ಪಾಡು. ಮೇಲೆ ಹೊಡೆಯುವ ಸ್ಪ್ರೇ ಹೆಚ್ಚಾದರೂ ಅದರ ಆವಿಯೇ ತೂತಾಗುತ್ತದೆ. ನಮ್ಮ ಹುಡುಗರು ಮಷಿನ್ ಓಡಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ, ಕೆಟ್ಟ ಅಚ್ಚನ್ನು ರಿಪೇರಿ ಮಾಡುವುದರಲ್ಲೂ. ಆದರೆ ಹೊಸ ಅಚ್ಚಿನ ಡ್ರಾಯಿಂಗ್ ಹಾಕುವಾಗಲೇ ಲೋಹ ಎಲ್ಲಿಂದ ನುಗ್ಗಬೇಕು, ಗಾಳಿ ಎಲ್ಲಿಂದ ಹೋಗಬೇಕು, ನೀರಿನ ಕೊಳವೆ ಎಲ್ಲಿ ಹಾಯಬೇಕು ಅಂತ ಲೆಕ್ಕ ಹಾಕಿ ಕೊಡುವವರು ನಮ್ಮಲ್ಲಿರಲಿಲ್ಲ. ಆ ಮಾದರಿಯ ಅಚ್ಚುಗಳೆಲ್ಲ ಜಪಾನಿನಲ್ಲೇ ತಯಾರಾಗಿ ಹಡಗಿನಲ್ಲಿ ಬರುತ್ತಿದ್ದವು. ಬರುವ ಮನುಷ್ಯ ಆ ಅಚ್ಚುಗಳನ್ನೇ ಇಪ್ಪತ್ತೈದು ವರ್ಷ ಮಾಡಿದವರು.

"ಹಂಗಂತ ಬರಿ ಮೇಡಂ" ಅಂದರು ಅಣ್ಣ. "ಎಕ್ಸ್‌ಪರ್ಟು ಅಂತೆಲ್ಲ ಯಾಕೆ?"

ಹಾಗೇ ಬರೆದೆ. ಒಂದೂವರೆ ಪುಟ. ಯಾವ ಭಾಗ, ಅದರಲ್ಲಿ ಏನು ದೋಷ, ನಮ್ಮವರು ಎಲ್ಲಿಯವರೆಗೆ ಮಾಡಬಲ್ಲರು, ಎಲ್ಲಿಂದ ಮುಂದೆ ಆಗುತ್ತಿಲ್ಲ, ಈ ವ್ಯಕ್ತಿ ಯಾವ ಅಚ್ಚುಗಳ ಮೇಲೆ ಕೂರುತ್ತಾರೆ, ಟೂಲ್ ರೂಮಿನ ಯಾವ ನಾಲ್ಕು ಜನಕ್ಕೆ ಕಲಿಸುತ್ತಾರೆ. ಕೆಲಸಕ್ಕೆ ಕೊಟ್ಟ ಜಾಹೀರಾತು, ಬಂದ ಅರ್ಜಿ, ಅವು ಯಾಕೆ ಸಾಲದು ಅನ್ನೋದನ್ನೂ ಸೇರಿಸಿದೆ. ಹುದ್ದೆಯ ಹೆಸರು ಎಲ್ಲ ಕಾಗದದಲ್ಲೂ ಒಂದೇ: ಡೈ ಡಿಸೈನ್ ಸ್ಪೆಷಲಿಸ್ಟ್, ಅಂದರೆ ಅಚ್ಚಿನ ವಿನ್ಯಾಸದ ಪರಿಣತ. ‘ಅಮೂಲ್ಯ ಆಸ್ತಿ’ ತೆಗೆದುಹಾಕಿದೆ. ಈ ಸಲ ಪ್ರಶ್ನೆ ಬರಲಿಲ್ಲ, ವೀಸಾ ಬಂತು.

ಅವರು ಜೂನ್‌ನಲ್ಲಿ ಬಂದರು. ಜಪಾನಿನವರನ್ನು ಹೆಸರಿನ ಕೊನೆಗೆ ಸಾನ್ ಅಂತ ಸೇರಿಸಿ ಕರೆಯಬೇಕು ಅಂತ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದೆ. ನಮ್ಮವರಿಗೆ ಸರ್ ಬಿಡಲು ಮನಸ್ಸು ಬರಲಿಲ್ಲ. ಕೊನೆಗೆ ಹೆಸರೇ ಮಾಯವಾಗಿ ‘ಸಾನ್ ಸರ್’ ಅನ್ನೋದು ಉಳಿಯಿತು. ಎರಡೂ ಮರ್ಯಾದೆಯ ಮಾತೇ, ನಡುವೆ ಮನುಷ್ಯನೇ ಇಲ್ಲ.

ಸಂಬಳದ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಎಂಪ್ಲಾಯ್‌ಮೆಂಟ್ ವೀಸಾದ ಮೇಲೆ ಕರೆಸುವವರಿಗೆ ಇಷ್ಟಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ ಅಂತ ಮಿತಿಯಿದೆ. ಹಿಂದೆ ಅದನ್ನು ವರ್ಷಕ್ಕೆ 25,000 ಡಾಲರ್ ಅಂತ ಲೆಕ್ಕ ಹಾಕುತ್ತಿದ್ದರು, ಆಮೇಲೆ ರೂಪಾಯಿಯಲ್ಲಿ 16.25 ಲಕ್ಷ ಅಂತಾಯಿತು. ಇಲ್ಲಿನವರಿಗಿಂತ ಅಗ್ಗಕ್ಕೆ ಹೊರಗಿನವರನ್ನು ತಂದು ತುಂಬಬಾರದು ಅನ್ನೋದು ಇದರ ಹಿಂದಿರುವ ಲೆಕ್ಕ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಆಯಾ ದೇಶದ ಅಡುಗೆ ಮಾಡುವ ಬಾಣಸಿಗರಿಗೆ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರಿಗೆ ಮತ್ತು ಅನುವಾದಕರಿಗೆ ಈ ಮಿತಿ ಇಲ್ಲ. ಒಮ್ಮೆ ನಮ್ಮ ಪ್ರೊಡಕ್ಷನ್ ಮ್ಯಾನೇಜರ್, "ಎಂಟು ಲಕ್ಷಕ್ಕೆ ಒಬ್ಬ ಹುಡುಗನ್ನ ಕಳಿಸ್ತಾರಂತೆ, ಮಷಿನ್ ಮೇಲೆ ನಿಲ್ಲಿಸೋಣ" ಅಂತ ಬಂದಿದ್ದರು. ಒಂದೇ ಸಾಲಿನಲ್ಲಿ ಅವರ ಎರಡು ಆಸೆಗೂ ಉತ್ತರವಾಯಿತು: ಸಂಬಳ ಸಾಲದು, ಕೆಲಸ ಮಾಮೂಲಿ. ಸಂಬಳದ ಒಂದು ಪಾಲು ಜಪಾನಿನಲ್ಲಿ ಯೆನ್‌ನಲ್ಲಿ ಜಮಾ ಆದರೂ ಕೆಲಸ ಮಾಡಿದ್ದು ಇಲ್ಲಿ, ಆದ್ದರಿಂದ ತೆರಿಗೆ ಇಲ್ಲಿ. ಇದನ್ನು ಮೊದಲೇ ಕರಾರಿನಲ್ಲಿ ಬಿಡಿಸಿ ಬರೆದರೆ ಮಾರ್ಚ್ ತಿಂಗಳಲ್ಲಿ ಫೈನಾನ್ಸಿನವರ ಜೊತೆ ಮಾತು ಬಿಡುವ ಪ್ರಸಂಗ ಬರುವುದಿಲ್ಲ.

ಮನೆಯದು ದೊಡ್ಡ ಕಥೆ. ಮೊದಲ ಐದು ರಾತ್ರಿ ಬೆಂಗಳೂರಿನ ಹೋಟೆಲಿನಲ್ಲಿದ್ದರು. ಆಮೇಲೆ ಕೋಲಾರದಲ್ಲೇ ಇರುತ್ತೇನೆ, ದಿನಾ ಬೆಂಗಳೂರಿನಿಂದ ಟ್ರಾಫಿಕ್‌ನಲ್ಲಿ ಬರಲಾರೆ ಅಂದರು. ಅಂತರಗಂಗೆ ಬೆಟ್ಟ ಕಾಣುವ ಕಡೆ ಒಂದು ಮಹಡಿ ಮನೆ ಸಿಕ್ಕಿತು. ಓನರ್ ನಿವೃತ್ತ ಮೇಷ್ಟ್ರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ನಮ್ಮೂರಿನ ಮಾಮೂಲು. ಬಾಡಿಗೆ, ಅಡ್ವಾನ್ಸ್ ಎಲ್ಲ ಸರಾಗವಾಗಿ ಆಯಿತು. ಅವರು ಬಂದು ಸೇರಿಕೊಂಡರು. ಒಂದು ಮಾತು ಮರೆತೆ.

ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು, ಅದು ಹೋಟೆಲಾಗಲಿ ಮನೆಯಾಗಲಿ, 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಆಗ ಅದಕ್ಕೆ ಸಿ ಫಾರ್ಮ್ ಅಂತಿದ್ದರು. ಬೆಂಗಳೂರಿನ ಹೋಟೆಲಿನವರು ಅದನ್ನು ತಾವಾಗೇ ಹಾಕಿದ್ದರು, ಅದು ಅವರಿಗೆ ದಿನದ ಕೆಲಸ. ನಮ್ಮ ಮೇಷ್ಟ್ರಿಗೆ ಆ ಹೆಸರೇ ಗೊತ್ತಿಲ್ಲ. ಹೇಳಬೇಕಾದವಳು ನಾನು. ಇತ್ತ 180 ದಿನಕ್ಕಿಂತ ಹೆಚ್ಚಿನ ವೀಸಾದವರು ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ, ನೋಂದಣಿ ಆಗಬೇಕು. ಅದಕ್ಕೂ ಹಿಂದೆ ಆಗಿದ್ದರೆ ಶಾಂತಿನಗರದ ಬಿಎಂಟಿಸಿ ಕಟ್ಟಡದ ಕಚೇರಿಯಲ್ಲಿ ಬೆಳಿಗ್ಗೆಯಿಂದ ಕಾಯಬೇಕಿತ್ತು; 2018ರಲ್ಲಿ ಇ-ಎಫ್‌ಆರ್‌ಆರ್‌ಒ ಬಂದು ಅದು ಆನ್‌ಲೈನ್ ಆಗಿತ್ತು. ಆನ್‌ಲೈನ್ ಅಲ್ಲವಾ ಅಂತ ನಾನು ಆರಾಮಾಗಿದ್ದೆ. ಹನ್ನೊಂದನೇ ದಿನ ಅರ್ಜಿ ತುಂಬಲು ಕೂತರೆ ವಾಸದ ವಿಳಾಸದ ಸಿ ಫಾರ್ಮ್ ಕೇಳಿತು.

ಸಂಜೆ ಏಳಕ್ಕೆ ಮೇಷ್ಟ್ರ ಮನೆಗೆ ಓಡಿದೆ. ವಿಷಯ ಹೇಳಿದೆ. ಪೊಲೀಸು ಅನ್ನೋ ಪದ ನನ್ನ ಬಾಯಿಂದ ಬಿದ್ದದ್ದೇ ತಡ, ಅವರ ಮನೆಯಾಕೆ ಅಡುಗೆಮನೆಯಿಂದ ಹೊರಗೆ ಬಂದರು. "ಅವರು ಏನು ಮಾಡಿದ್ರಮ್ಮಾ? ಅಷ್ಟು ಒಳ್ಳೆ ಮನುಷ್ಯ, ಚಪ್ಪಲಿ ಕೂಡ ಸಾಲಾಗಿ ಬಿಡ್ತಾರೆ." ಏನೂ ಮಾಡಿಲ್ಲ, ಇದು ನಿಯಮ ಅಂತ ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಮೊದಲೇ ಹೇಳಿದ್ರೆ ಮೊದಲೇ ಹಾಕ್ತಿದ್ದೆ. ಮೂವತ್ತೆಂಟು ವರ್ಷ ಹಾಜರಿ ಪುಸ್ತಕ ಬರೆದೋನು ನಾನು" ಅಂದರು. ಆ ಮಾತು ನಾಟಿತು. ಲಾಗಿನ್ ಮಾಡಿಕೊಳ್ಳಲು, ಮನೆಯ ಕಾಗದ ಅಪ್‌ಲೋಡ್ ಮಾಡಲು ಎರಡು ರಾತ್ರಿ ಹಿಡಿಯಿತು. ಹದಿಮೂರನೇ ದಿನ ರಾತ್ರಿ ನೋಂದಣಿ ಅರ್ಜಿ ಹೋಯಿತು.

ಅಷ್ಟಾದರೂ ಬುದ್ಧಿ ಪೂರ್ತಿ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರ ಹೆಂಡತಿ ಬಂದರು. ಅವರದು ಬೇರೆ ಬಗೆಯ ವೀಸಾ, ಎಂಟ್ರಿ ವೀಸಾ ಅಂತಾರೆ. ಕೆಲಸ ಮಾಡುವವರಲ್ಲ, ಗಂಡನ ನೋಂದಣಿ ಆಗಿದೆ, ಇನ್ನೇನು ಅಂದುಕೊಂಡೆ. ಹಾಗಲ್ಲ. ಅವರದೂ ಅಷ್ಟೇ ಉದ್ದದ ವೀಸಾ, ಅವರಿಗೂ ಅದೇ 14 ದಿನ. ಗೊತ್ತಾಗುವ ಹೊತ್ತಿಗೆ ಒಂದೂವರೆ ತಿಂಗಳಾಗಿತ್ತು. ದಂಡ ಕಟ್ಟಿದೆವು, ವಿವರಣೆ ಬರೆದುಕೊಟ್ಟೆವು. ಹಣ ಕಂಪನಿಯದು, ಹೋಗಲಿ. ಆದರೆ ಆ ಯಮ್ಮ ತಾನು ಏನೋ ಕಾನೂನು ಮುರಿದೆ ಅಂತ ನನ್ನೆದುರು ಬಗ್ಗಿ ಕ್ಷಮೆ ಕೇಳಿದರು. ತಪ್ಪು ನನ್ನದು, ಬಗ್ಗಿದ್ದು ಅವರು. ಅವತ್ತಿನಿಂದ ನನ್ನ ಮೇಜಿನ ಗಾಜಿನಡಿ ಒಂದು ಹಾಳೆ ಇದೆ: ಮನೆಮಂದಿಯಲ್ಲಿ ಯಾರು ಯಾವತ್ತು ಬಂದರು, ಯಾರ ವೀಸಾ ಎಂದು ಮುಗಿಯುತ್ತದೆ, ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ. ಕಂಪ್ಯೂಟರಿನಲ್ಲೂ ಇದೆ, ಆದರೆ ನನಗೆ ನಂಬಿಕೆ ಗಾಜಿನ ಮೇಲೇ.

ಆ ಚಳಿಗಾಲದಲ್ಲಿ ಇನ್ನೊಂದು ಜಗಳ. ಹೊಸ ಮಷಿನ್ ಬಂದಿತ್ತು, ಕರಾರಿನ ಪ್ರಕಾರ ಕೂರಿಸಿಕೊಡಲು ಮಾರಿದವರ ಕಡೆಯ ಇಬ್ಬರು ಫಿಟ್ಟರ್‌ಗಳು ಬರಬೇಕು. "ಬಿಸಿನೆಸ್ ವೀಸಾ ಬೇಗ ಸಿಗ್ತದೆ, ಅದರ ಮೇಲೆ ಬರ್ಲಿ. ಯಾರು ಬಂದು ನೋಡ್ತಾರೆ?" ಅಂತ ಪ್ರೊಡಕ್ಷನ್‌ನವರು. ಆಗಿನ ನಿಯಮದಲ್ಲಿ ಮೀಟಿಂಗಿಗೆ, ಮಾತುಕತೆಗೆ, ಕೆಲಸ ಎಲ್ಲಿಗೆ ಬಂತು ಅಂತ ನೋಡಿ ಹೋಗಲು ಬಿಸಿನೆಸ್ ವೀಸಾ ಸಾಕಿತ್ತು. ಸ್ಪ್ಯಾನರ್ ಹಿಡಿದು ಮಷಿನ್ ಕೂರಿಸಲು ಎಂಪ್ಲಾಯ್‌ಮೆಂಟ್ ವೀಸಾ ಬೇಕಿತ್ತು. 2009ರಲ್ಲಿ ಕೇಂದ್ರ ಸರ್ಕಾರ, ಬಿಸಿನೆಸ್ ವೀಸಾದ ಮೇಲೆ ಬಂದು ಪ್ರಾಜೆಕ್ಟ್‌ಗಳಲ್ಲಿ ದುಡಿಯುತ್ತಿದ್ದ ವಿದೇಶಿಯರೆಲ್ಲ ಗಡುವಿನೊಳಗೆ ವಾಪಸ್ ಹೋಗಿ ಸರಿಯಾದ ವೀಸಾ ತೆಗೆದುಕೊಂಡು ಬನ್ನಿ ಅಂತ ಆದೇಶ ಮಾಡಿತ್ತು. ಅರ್ಧ ಕಟ್ಟಿದ ವಿದ್ಯುತ್ ಸ್ಥಾವರಗಳಿಂದ ಜನ ಹೊರಟುಹೋದ ಸುದ್ದಿ ನಾನು ಕಾಲೇಜಿನಲ್ಲಿದ್ದಾಗ ಪೇಪರಿನಲ್ಲಿ ಓದಿದ್ದೆ. ನಾನು ಸಹಿ ಹಾಕಲ್ಲ ಅಂದೆ. ಮಷಿನ್ ಐದು ವಾರ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ದಿನಾ ಬೆಳಿಗ್ಗೆ ಮೀಟಿಂಗಿನಲ್ಲಿ ಅದನ್ನು ‘ಎಚ್‌ಆರ್ ಮೇಡಂ ಮಷಿನ್’ ಅಂತ ಕರೆದರು. ಕರೆಯಲಿ. ಈ ಬಿಸಿನೆಸ್ ವೀಸಾದ ಗೆರೆ ಈಚೆಗೆ ಅತ್ತಿತ್ತ ಸರಿದಿದೆ. ಹಳೆಯ ನಾಲ್ಕು ಕಾಯಿದೆಗಳನ್ನು ಒಟ್ಟುಗೂಡಿಸಿದ 2025ರ ವಲಸೆ ಮತ್ತು ವಿದೇಶಿಯರ ಕಾಯಿದೆಯೂ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಆದ್ದರಿಂದ ನನ್ನ 2018ರ ಅನುಭವವನ್ನು ಯಾರೂ ಕಾನೂನು ಪುಸ್ತಕ ಅಂದುಕೊಳ್ಳಬೇಡಿ, ಅವತ್ತಿನ ಸುತ್ತೋಲೆ ಅವತ್ತು ಓದಿ.

ಪಿಎಫ್ ಬಗ್ಗೆಯೂ ಒಂದು ಮಾತು, ಯಾಕೆಂದರೆ ಇದನ್ನು ಬಹಳ ಕಡೆ ಕೊನೆಗೆ ನೋಡುತ್ತಾರೆ. 2008ರ ಅಕ್ಟೋಬರ್‌ನಿಂದ ವಿದೇಶಿ ಕೆಲಸಗಾರರಿಗೂ ಪಿಎಫ್ ಬಂತು. ಅದೂ ನಮ್ಮ ಹಾಗೆ 15,000 ರೂಪಾಯಿಯ ಮಿತಿಗಲ್ಲ, ಪೂರ್ತಿ ಸಂಬಳದ ಮೇಲೆ. ಜಪಾನಿನ ಜೊತೆ ನಮ್ಮ ದೇಶದ ಸಾಮಾಜಿಕ ಭದ್ರತೆ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿತ್ತು. ಹಾಗಾಗಿ ಸಾನ್ ಸರ್ ಅಲ್ಲೇ ಕಟ್ಟುತ್ತಿದ್ದಾರೆ ಅನ್ನೋ ಒಂದು ಪ್ರಮಾಣಪತ್ರ ಅಲ್ಲಿಂದ ತಂದರು, ಇಲ್ಲಿ ಕಟ್ಟುವುದು ತಪ್ಪಿತು. ಆಮೇಲೆ ಬಂದ ತೈವಾನಿನ ಇನ್ನೊಬ್ಬರಿಗೆ ಅಂಥ ಒಪ್ಪಂದ ಇರಲಿಲ್ಲ. ಪ್ರತಿ ತಿಂಗಳು ನಿಮ್ಮ ಸಂಬಳದಲ್ಲಿ ಇಷ್ಟು ಹಿಡಿಯುತ್ತೇವೆ, ಮಾಮೂಲಿಯಾಗಿ 58 ವರ್ಷ ಆದಮೇಲೆ ತೆಗೆದುಕೊಳ್ಳಬಹುದು ಅಂತ 34ರ ಹುಡುಗನಿಗೆ ಹೇಳುವಾಗ ನನಗೇ ನಾಚಿಕೆಯಾಯಿತು. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ಈ ವಿಶೇಷ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಾಗ ಮೊದಲು ನೆನಪಾದದ್ದು ಆ ಹುಡುಗನ ಮುಖ.

ಸಾನ್ ಸರ್ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ಮುಗಿದಾಗ ವಿಸ್ತರಣೆ ಸಿಕ್ಕಿತು, ಪತ್ರ ಬರೆಯೋದು ಕಷ್ಟವಾಗಲಿಲ್ಲ. ಅವರು ಭಾನುವಾರ ಮುಳಬಾಗಿಲಿಗೆ ಹೋಗಿ ದೋಸೆ ತಿಂದು ಬರುವಷ್ಟು ಊರಿನವರಾಗಿದ್ದರು. ಪಕ್ಕದ ಕಾರ್ಖಾನೆಯವರು ಅವರನ್ನು ಸೆಳೆಯಲು ನೋಡಿದರು. ಅವರು ನೇರವಾಗಿ ನನ್ನ ಹತ್ತಿರ ಬಂದು, ಅನುವಾದಕಿ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೋಗಬಹುದಾ ಅಂತ ಕೇಳಿದರು. ಈ ವೀಸಾ ನಿಮ್ಮದಲ್ಲ, ನಿಮ್ಮ ಮತ್ತು ನಮ್ಮ ಕಂಪನಿಯದು. ಕೆಲಸ ಬದಲಾಯಿಸಬೇಕಾದರೆ ದೇಶ ಬಿಟ್ಟು ಹೋಗಿ ಹೊಸ ವೀಸಾ ತೆಗೆದುಕೊಂಡು ಬರಬೇಕು ಅಂತ ಹೇಳಿದೆ. ತಲೆಯಾಡಿಸಿ ಎದ್ದುಹೋದರು. ನಿಯಮ ಹೇಳಿದೆ, ಸರಿ. ಆದರೆ ನಾನು ಕಂಪನಿಯ ಪರವಾಗಿ ಹೇಳುತ್ತಿದ್ದೇನೆ ಅಂತ ಅವರಿಗೆ ಅನ್ನಿಸಿತೋ ಏನೋ. ಅದನ್ನು ಅವರೇ ಓದಿಕೊಳ್ಳುವ ಹಾಗೆ ಜಪಾನಿ ಭಾಷೆಯಲ್ಲಿ, ಬಂದ ಮೊದಲ ದಿನವೇ ಕೊಟ್ಟಿರಬೇಕಿತ್ತು. ಈಗ ಕೊಡುತ್ತೇನೆ.

2019ರ ಕೊನೆಗೆ ಪ್ಲಾಂಟ್ ಹೆಡ್ ಮತ್ತೆ ಕರೆದರು. ಇನ್ನೊಂದು ವಿಸ್ತರಣೆಗೆ ಈಗಲೇ ಕಾಗದ ರೆಡಿ ಮಾಡು ಅಂದರು. ಹಳೆಯ ಪತ್ರ ತೆಗೆದುಕೊಂಡು ಟೂಲ್ ರೂಮಿಗೆ ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದವನು ಬಂಗಾರಪೇಟೆಯ ಹುಡುಗ, ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರವಾದ ಜಿಟಿಟಿಸಿಯಲ್ಲಿ ಡಿಪ್ಲೊಮಾ ಮಾಡಿ ನಮ್ಮಲ್ಲಿ ಅಪ್ರೆಂಟಿಸ್ ಆಗಿ ಸೇರಿದವನು. ಪರದೆಯ ಮೇಲೆ ಹೊಸ ಅಚ್ಚು. ಸಾನ್ ಸರ್ ಹಿಂದೆ ಕೈಕಟ್ಟಿಕೊಂಡು ನಿಂತಿದ್ದರು. ಹುಡುಗ ಗಾಳಿ ಹೋಗುವ ದಾರಿಯನ್ನು ಒಂದು ಕಡೆ ಎಳೆದ, ಅಳಿಸಿದ, ಇನ್ನೊಂದು ಕಡೆ ಎಳೆದ. ಅವರು ಏನೂ ಹೇಳಲಿಲ್ಲ. ಅಣ್ಣ ನನ್ನ ಕೈಯಲ್ಲಿದ್ದ ಪತ್ರ ನೋಡಿ, "ಈಗ ಏನು ಬರೀತೀರಿ ಮೇಡಂ?" ಅಂದರು.

‘ಈ ಕೆಲಸ ಮಾಡಬಲ್ಲವರು ನಮ್ಮಲ್ಲಿ ಇಲ್ಲ’ ಅನ್ನೋ ಸಾಲಿನ ಹತ್ತಿರ ನಿಂತೆ. ಅದು ಈಗ ಸುಳ್ಳಾಗಿತ್ತು. ಪ್ಲಾಂಟ್ ಹೆಡ್‌ಗೆ ಹೇಳಿದೆ. ಇದ್ದರೆ ಧೈರ್ಯ ಇರುತ್ತೆ ಅಂತ ಅವರು ವಾದ ಮಾಡಿದರು, ಧೈರ್ಯಕ್ಕೆ ವೀಸಾ ಕೊಡಲ್ಲ ಸರ್ ಅಂದೆ. ನಕ್ಕುಬಿಟ್ಟರು, ಅದು ನನ್ನ ಪುಣ್ಯ. ಆ ಹುಡುಗನ ಸಂಬಳ ಪರಿಷ್ಕರಣೆಗೆ ಕಡತ ಕಳಿಸಿದ್ದಕ್ಕೆ ಮಾತ್ರ ನಗಲಿಲ್ಲ, ಸಹಿಯಾಗಲು ಯುಗಾದಿ ದಾಟಿತು.

ಸಾನ್ ಸರ್ 2020ರ ಜನವರಿಯಲ್ಲಿ ಹೊರಟರು. ಮನೆ ಕೀಲಿ ವಾಪಸ್ ಕೊಡಲು ಅವರ ಜೊತೆ ನಾನೂ ಹೋಗಿದ್ದೆ. ಮೇಷ್ಟ್ರ ಮನೆಯಾಕೆ ಉಪ್ಪಿನಕಾಯಿ ಡಬ್ಬ ಕಟ್ಟಿಕೊಟ್ಟರು. ಆಮೇಲೆ ಎರಡು ತಿಂಗಳು ಆ ಮನೆ ಖಾಲಿ ಇತ್ತು, ಆಮೇಲೆ ಲಾಕ್‌ಡೌನ್. ಆ ವರ್ಷ ದೀಪಾವಳಿ ಹೊತ್ತಿಗೆ ಮೇಷ್ಟ್ರ ಫೋನು ಬಂತು. ಹೊಸ ಬಾಡಿಗೆಯವರು ಬಂದಿದ್ದಾರೆ, ಬಳ್ಳಾರಿಯವರು, ಬ್ಯಾಂಕಿನಲ್ಲಿ ಕೆಲಸ.

"ನಿನ್ನೆ ರಾತ್ರಿ ಬಂದ್ರಮ್ಮಾ" ಅಂದರು ಮೇಷ್ಟ್ರು. "ಇಪ್ಪತ್ನಾಲ್ಕು ಗಂಟೆ ಆಗೋಕೆ ಇನ್ನೂ ಮೂರು ಗಂಟೆ ಇದೆ. ಇವರಿಗೂ ಸಿ ಫಾರ್ಮ್ ಹಾಕ್ಬೇಕಾ?"